ಪದವಿ ನಮ್ಮದು, ಮಾತು ಅವರದು
(ಸಂಶೋಧನಾ ವಿದ್ಯಾರ್ಥಿಗಳು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



ಮನೆಯ ಮಗಳು ಮಹಾಪ್ರಬಂಧ ಸಲ್ಲಿಸಿ ಬಂದ ದಿನ ನಾವು ಸಿಹಿ ಹಂಚುತ್ತೇವೆ. ಹಂಚಲೇಬೇಕಾದ ಸಂತೋಷವದು. ಆದರೆ ಅವಳ ಕಪಾಟಿನಲ್ಲಿರುವ ಪ್ರಶ್ನಾವಳಿಗಳು, ಮೊಬೈಲಿನಲ್ಲಿರುವ ಧ್ವನಿಮುದ್ರಣಗಳು ಮುಂದೇನಾಗಬೇಕು ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಕರಾವಳಿಯ ಬೀಡಿ ಕಟ್ಟುವ ಮಹಿಳೆಯರ ಕುರಿತು ಒಬ್ಬ ವಿದ್ಯಾರ್ಥಿನಿ ಸಂಶೋಧನೆ ಮಾಡಿದಳೆಂದು ಇಟ್ಟುಕೊಳ್ಳೋಣ. ಕೂಲಿ, ಸಾಲ, ವರದಕ್ಷಿಣೆ, ಗಂಡನ ಹೊಡೆತ ಹೀಗೆ ಹೆತ್ತ ತಾಯಿಗೂ ಹೇಳದ್ದನ್ನು ಅವರು ಅವಳೆದುರು ಹೇಳಿದರು. ‘ನಿಮ್ಮ ಹೆಸರು ಎಲ್ಲಿಯೂ ಬರುವುದಿಲ್ಲ’ ಎಂಬ ಒಂದೇ ಮಾತನ್ನು ನಂಬಿ ಹೇಳಿದರು. ಪ್ರಬಂಧದಲ್ಲಿ ಹೆಸರು ಬರಲಿಲ್ಲ, ನಿಜ. ಆದರೆ ಆ ಹಾಳೆಗಳು ಗುಜರಿಗೆ ಹೋಗಿ, ಅದೇ ಊರಿನ ಅಂಗಡಿಯಲ್ಲಿ ಕಡಲೆಯ ಪೊಟ್ಟಣವಾದರೆ? ಮಾರಿದ ಹಳೆಯ ಮೊಬೈಲಿನೊಂದಿಗೆ ಆ ಧ್ವನಿಗಳೂ ಹೋದರೆ? ನೆರೆಯವರು ನಂಬಿ ಇಟ್ಟ ಒಡವೆಯನ್ನು ಅಮಾನತ್ ಎಂದು ಕಾಯುವ ನಾವು, ನಂಬಿ ಹೇಳಿದ ಮಾತನ್ನೇಕೆ ಹಾಗೆ ಕಾಯುವುದಿಲ್ಲ?

ಇದು ಬರಿಯ ಕಲ್ಪನೆಯ ಭಯವಲ್ಲ. ಅಮೆರಿಕದ ಬಾಸ್ಟನ್ ಕಾಲೇಜಿನ ಯೋಜನೆಯೊಂದರಲ್ಲಿ 2001ರಿಂದ 2006ರವರೆಗೆ ಉತ್ತರ ಐರ್ಲೆಂಡಿನ ಮಾಜಿ ಸಶಸ್ತ್ರ ಹೋರಾಟಗಾರರ ಸಂದರ್ಶನಗಳನ್ನು ಮುದ್ರಿಸಿಕೊಳ್ಳಲಾಯಿತು. ಅವರು ಬದುಕಿರುವವರೆಗೆ ಅವು ಹೊರಬರಲಾರವೆಂಬ ಭರವಸೆ ಸಿಕ್ಕಿತ್ತು. 2011ರಲ್ಲಿ ಬ್ರಿಟಿಷ್ ಅಧಿಕಾರಿಗಳ ಕೋರಿಕೆಯ ಮೇರೆಗೆ ಅಮೆರಿಕದ ಸರಕಾರ ಅವುಗಳನ್ನು ಕೇಳಿತು. ಕಾನೂನು ಹೋರಾಟದ ಬಳಿಕವೂ 2013ರಲ್ಲಿ ಕೆಲವನ್ನು ಒಪ್ಪಿಸಬೇಕಾಯಿತು. ಉಳಿಸಿಕೊಳ್ಳಲಾಗದ ಭರವಸೆಯನ್ನು ಕೊಡಬಾರದು, ಅಗತ್ಯ ತೀರಿದ ಗುಟ್ಟನ್ನು ಇಟ್ಟುಕೊಳ್ಳಬಾರದು ಎಂಬುದು ಇದರ ಪಾಠ. ನ್ಯಾಯಾಲಯ ಕೇಳಿದ ಮೇಲೆ ಅಳಿಸಲು ಹೊರಟರೆ ಅದು ಅಪರಾಧವಾದೀತು. ಆದ್ದರಿಂದ ನಿರ್ಧಾರ ಮೊದಲೇ ಆಗಬೇಕು.

ಹಾಗೆಂದು ಪದವಿ ಬಂದ ಮರುದಿನವೇ ಎಲ್ಲವನ್ನೂ ಸುಟ್ಟುಬಿಡುವುದೂ ಸರಿಯಲ್ಲ. ಪ್ರಬಂಧದ ಸತ್ಯಾಸತ್ಯತೆಯನ್ನು ಯಾರಾದರೂ ಪ್ರಶ್ನಿಸಿದರೆ ಆಧಾರ ಬೇಕು. ಹೆಸರು, ವಿಳಾಸ, ಫೋನ್ ಸಂಖ್ಯೆಗಳ ಪಟ್ಟಿಯನ್ನು ಆರಂಭದಲ್ಲೇ ಉತ್ತರಗಳಿಂದ ಬೇರ್ಪಡಿಸಿ, ಉತ್ತರಗಳಿಗೆ ಬರಿಯ ಸಂಖ್ಯೆ ಕೊಡಬೇಕು. ವಿಶ್ವವಿದ್ಯಾನಿಲಯದ ನಿಯಮವನ್ನೂ ಉತ್ತರಿಸಿದವರಿಗೆ ಕೊಟ್ಟ ಮಾತನ್ನೂ ನೋಡಿ, ಎಷ್ಟು ಕಾಲ ಇಡಬೇಕೆಂಬುದನ್ನು ಮಾರ್ಗದರ್ಶಕರೊಂದಿಗೆ ತೀರ್ಮಾನಿಸಬೇಕು. ಆ ಅವಧಿ ಮುಗಿದಾಗ ಅಳಿಸಬೇಕು.

ಅಳಿಸುವುದೆಂದರೆ ಒಂದು ಗುಂಡಿ ಒತ್ತುವುದಲ್ಲ. ಡಿಲೀಟ್ ಮಾಡಿದ ಕಡತ ಮೊದಲು ರೀಸೈಕಲ್ ಬಿನ್‌ನಲ್ಲಿರುತ್ತದೆ. ಅಲ್ಲಿಂದ ತೆಗೆದರೂ ಎಷ್ಟೋ ಬಾರಿ ಅದನ್ನು ಮತ್ತೆ ಹೊರತೆಗೆಯಬಹುದು. ಪೆನ್‌ಡ್ರೈವ್, ಗೂಗಲ್ ಡ್ರೈವ್, ವಾಟ್ಸ್‌ಆ್ಯಪ್, ಮಾರ್ಗದರ್ಶಕರಿಗೆ ಕಳುಹಿಸಿದ ಇಮೇಲ್, ಕೊನೆಗೆ ಟೈಪ್ ಮಾಡಿಸಿದ ಡಿಟಿಪಿ ಅಂಗಡಿಯ ಕಂಪ್ಯೂಟರ್, ಇವೆಲ್ಲವುಗಳಲ್ಲೂ ಪ್ರತಿಗಳಿರುತ್ತವೆ. ಒಂದೊಂದನ್ನೂ ಹುಡುಕಿ ತೆಗೆಯಬೇಕು. ಕಾಗದವನ್ನು ಮಾರದೆ ಚೂರುಚೂರು ಮಾಡಬೇಕು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ, ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠ 2017ರಲ್ಲಿ ತೀರ್ಪಿತ್ತಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸಂಶೋಧನೆಗೆ ಷರತ್ತಿನ ವಿನಾಯಿತಿಯನ್ನು ನೀಡಿದೆ. ಆದರೆ ಕಾನೂನು ಬಿಟ್ಟ ಮಾತ್ರಕ್ಕೆ ನಾವು ಕೊಟ್ಟ ಮಾತು ನಮ್ಮನ್ನು ಬಿಡುವುದೇ?

ಬೀಡಿಯ ಸೂಪನ್ನು ಬದಿಗಿಟ್ಟು, ಒಂದು ದಿನದ ಕೂಲಿಯನ್ನು ಕಡಿಮೆ ಮಾಡಿಕೊಂಡು ನಮ್ಮ ಮಕ್ಕಳಿಗೆ ಉತ್ತರ ಕೊಟ್ಟ ಆ ತಾಯಂದಿರು ಘಟಿಕೋತ್ಸವಕ್ಕೆ ಬರುವುದಿಲ್ಲ. ಅವರು ಕೇಳಿದ್ದು ಒಂದೇ, ತಮ್ಮ ಹೆಸರು ಹೊರಬಾರದಿರಲಿ ಎಂದು. ಹೆತ್ತವರೇ, ಇಂದು ಮನೆಗೆ ಹೋದ ಮೇಲೆ ಮಕ್ಕಳ ಆ ಕಪಾಟಿನ ಬಗ್ಗೆ ಒಮ್ಮೆ ವಿಚಾರಿಸಿರಿ.