ಪರದೇಶದಲ್ಲಿ ಕಾಯಂ ಇರಬೇಕೆನ್ನುವವರಿಗೆ ಎರಡು ಮಾತು



ನಮ್ಮ ಬೀದರ ಕಡೆಯವರು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವುದು ಹೊಸದಲ್ಲ. ಅಲ್ಲಿ ಕಫೀಲನ ಕೈಕೆಳಗೆ ಎಷ್ಟು ವರ್ಷ ದುಡಿದರೂ ಬಹುತೇಕರು ಕೊನೆಗೆ ಊರಿಗೇ ಬರಬೇಕು. ಈಗ ಕಸಬು ಕಲಿತ ಹುಡುಗರು ಕಾಯಂ ಇರಬೇಕಂತ ಆಸ್ಟ್ರೇಲಿಯಾ, ಕೆನಡಾ ಕಡೆ ನೋಡಾಕತ್ತಾರ.

ಆಸ್ಟ್ರೇಲಿಯಾದಲ್ಲಿ 2019ರ ನವೆಂಬರದಿಂದ 491 ನಂಬರಿನ ವೀಸಾ ಇದೆ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದ ಪ್ರದೇಶಗಳಿಗೆ ಕಸಬುದಾರರು ಬೇಕಾಗಿದ್ದಾರೆ. ಅದಕ್ಕೇ ಅಲ್ಲಿನ ರಾಜ್ಯ ಸರ್ಕಾರಗಳು ಶಿಫಾರಸು ಮಾಡುತ್ತವೆ. ವಯಸ್ಸು 45ರ ಒಳಗಿರಬೇಕು. ಇಂಗ್ಲಿಷ್ ಬರಬೇಕು, ಕಸಬಿನ ತಪಾಸಣೆ ಆಗಬೇಕು, ಕನಿಷ್ಠ 65 ಅಂಕ ಬೇಕು. ಶಿಫಾರಸಿಗೆ 15 ಅಂಕ ಸಿಗುತ್ತವೆ. ವೀಸಾ 5 ವರ್ಷದ್ದು. ಆ ಪ್ರದೇಶದಲ್ಲೇ 3 ವರ್ಷ ಇದ್ದು ದುಡಿದ ಮೇಲೆ ಕಾಯಂ ಆಗಲು ಅರ್ಜಿ ಹಾಕಬಹುದು.

ನಮ್ಮ ಸಂಘದಲ್ಲಿ ಸಾಲಕ್ಕೆ ಜಾಮೀನುದಾರ ಇರುತ್ತಾನೆ. ಆದರೆ ಆ ಶಿಫಾರಸು ನೌಕರಿಗೆ ಜಾಮೀನಲ್ಲ. 65 ಅಂಕ ಇದ್ದರೂ ಕರೆ ಬಂದೇ ಬರುತ್ತದೆಂಬ ಖಾತ್ರಿಯೂ ಇಲ್ಲ. "ಗ್ಯಾರಂಟಿ ಕೊಡಿಸ್ತೀನಿ" ಅನ್ನುವ ಏಜೆಂಟನ ಮಾತಿಗೆ ಹೊಲ ಅಡ ಇಡಬ್ಯಾಡ್ರಿ. ಮೊದಲು ಐ.ಟಿ.ಐ. ಕಲೀರಿ, ಇಂಗ್ಲಿಷ್ ಕಲೀರಿ, ಕೆಲಸ ಮಾಡಿದ ಕಾಗದಪತ್ರ ಜೋಪಾನ ಇಟ್ಟುಕೊಳ್ರಿ.

ಹೋದವರು ಚೆನ್ನಾಗಿರಲಿ. ಇಲ್ಲಿ ಉಳಿದ ತಂದೆ-ತಾಯಿಗೆ ಬೀಜ, ಗೊಬ್ಬರ, ಸಾಲಕ್ಕೆ ಸಂಘ ಇದೆ. ಆದರೆ ಮಗನ ಜಾಗ ಸಂಘ ತುಂಬಲಾರದು. ಹೊಲ ಯಾರು ನೋಡ್ತಾರ, ಮುಪ್ಪಿನಲ್ಲಿ ಯಾರು ಅದಾರ ಅನ್ನೋದು ಹೋಗುವ ಮೊದಲೇ ಮನೆಯಲ್ಲಿ ಕೂತು ಮಾತಾಡ್ರಿ.