ವೃತ್ತಿ ತೆರಿಗೆಯ ನ್ಯಾಯ



ನಾಸಿಕದಲ್ಲಿರಲಿ, ಸಂಭಾಜಿನಗರದಲ್ಲಿರಲಿ, ನಮ್ಮ ಸಂಬಳದಿಂದ ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ 300, ವೃತ್ತಿ ತೆರಿಗೆಗೆ ಹೋಗುತ್ತದೆ. ಪಟ್ಟಣಿಗರ ಹಣ ಹಳ್ಳಿಗೇಕೆ ಎನ್ನುವವರುಂಟು. 1972ರ ಬರದಲ್ಲಿ ಮರಾಠವಾಡದ ರೈತರು ಕಲ್ಲು ಒಡೆದು ಹೊಟ್ಟೆ ಹೊರೆದರು. ಅಂಥವರಿಗೆ ಕೆಲಸ ಕೊಡುವ ಉದ್ಯೋಗ ಖಾತರಿ ಯೋಜನೆಗಾಗಿಯೇ 1975ರಲ್ಲಿ ಈ ತೆರಿಗೆ ಬಂದಿತು. ಉದ್ದೇಶಕ್ಕೆ ನಮ್ಮ ತಕರಾರಿಲ್ಲ.

ಆದರೆ ತಿಂಗಳಿಗೆ ಹತ್ತು ಸಾವಿರ ದಾಟಿದ ಗುಮಾಸ್ತನೂ ಲಕ್ಷಗಟ್ಟಲೆ ಎಣಿಸುವ ಅಧಿಕಾರಿಯೂ ವರ್ಷಕ್ಕೆ ಅದೇ 2,500 ತೆರುವುದು ಯಾವ ತಕ್ಕಡಿಯ ತೂಕ? 1988ರ ಸಂವಿಧಾನ ತಿದ್ದುಪಡಿ ಹಾಕಿದ ಆ ಮಿತಿ ಇನ್ನೂ ಕದಲಿಲ್ಲ. 2023ರಲ್ಲಿ 25,000ದವರೆಗೆ ಗಳಿಸುವ ಮಹಿಳೆಯರಿಗೆ ವಿನಾಯಿತಿ ದೊರೆಯಿತು; ಅಷ್ಟೇ ಗಳಿಸುವ ಗಂಡಸರಿಗೂ ಅದು ಸಲ್ಲಬೇಕು.

ತೆರಿಗೆಯನ್ನು ಕೊಡೋಣ; ಅದು ಯಾವ ಊರಿನ ಯಾವ ಕೆರೆಗೆ ಸೇರಿತೆಂದು ಲೆಕ್ಕವನ್ನೂ ಕೇಳೋಣ. ಈ ನೆಲದ ಅನ್ನ ಉಣ್ಣುವ ನಮಗೆ ಎರಡೂ ಕರ್ತವ್ಯವೇ.