ಮನೆಯ ಮಾತು, ಶಾಲೆಯ ಮಾರ್ಕು

ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನ ನಮ್ಮ ಊರುಗಳ ಜಗುಲಿಗಳ ಮೇಲೆ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ‘ಅವನಿಗೆ ತಲೆ ಇದೆ, ಪಾಸಾದ’ ಎಂಬುದು ಒಂದು. ‘ಇವನಿಗೆ ತಲೆಗೆ ಹತ್ತುವುದಿಲ್ಲ, ಶಾಲೆ ಬಿಡಿಸಿ’ ಎಂಬುದು ಇನ್ನೊಂದು. ನೀವೂ ಆಡಿರಬಹುದು. ಕನ್ನಡ ಪಾಠ ಹೇಳುವ ನಾನೂ ಬೇಕಾದಷ್ಟು ಸಲ ಆಡಿದ್ದೇನೆ. ಈ ‘ತಲೆ’ ಎಂಬುದು ನಿಜವಾಗಿ ಹುಡುಗನ ಹೆಗಲ ಮೇಲೆಯೇ ಇದೆಯೆ, ಇಲ್ಲವೆ ಅದರಲ್ಲಿ ಮುಕ್ಕಾಲು ಪಾಲು ಅವನ ಮನೆಯಲ್ಲಿ, ಬೀದಿಯಲ್ಲಿ, ಹೊಲದಲ್ಲಿ ಇದೆಯೆ? ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮಕ್ಕಳನ್ನು ಕಣ್ಣೆದುರಿಗಿಟ್ಟುಕೊಂಡು ಇದನ್ನು ಸ್ವಲ್ಪ ವಿಚಾರ ಮಾಡೋಣ.

2023ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆ ಇಡೀ ರಾಜ್ಯಕ್ಕೆ ಮೊದಲನೆಯದಾಗಿ ಬಂದಿತು. ನೂರಕ್ಕೆ 96.80ರಷ್ಟು ಮಕ್ಕಳು ತೇರ್ಗಡೆ ಹೊಂದಿದ್ದರು. ಸಿಹಿ ಹಂಚಿದೆವು. ಮಾರನೆಯ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾ ಇಟ್ಟು, ದೂರದಿಂದಲೇ ನೋಡುವ ಏರ್ಪಾಡಾಯಿತು. ಆ 2024ರಲ್ಲಿ ಅದೇ ಜಿಲ್ಲೆ 21ನೆಯ ಸ್ಥಾನಕ್ಕೆ ಇಳಿಯಿತು, ತೇರ್ಗಡೆ 72.85. ನಮ್ಮದೊಂದೇ ಅಲ್ಲ, ಕೃಪಾಂಕ ಹೆಚ್ಚು ಕೊಟ್ಟ ಮೇಲೂ ರಾಜ್ಯದ ಫಲಿತಾಂಶವೇ ಸುಮಾರು 84ರಿಂದ 73ಕ್ಕೆ ಬಂದಿತು. ಹನ್ನೆರಡು ತಿಂಗಳಲ್ಲಿ ಒಂದು ಜಿಲ್ಲೆಯ ಮಕ್ಕಳ ಬುದ್ಧಿ ಅಷ್ಟು ಕುಗ್ಗಲಾರದು. ಹಿಂದಿನ ವರ್ಷ ಅಷ್ಟು ಉಬ್ಬಿಯೂ ಇರಲಾರದು. ಅಳತೆಗೋಲು ಬದಲಾಯಿತು, ಅಷ್ಟೆ. ಹಾಗಾದರೆ ಆ ಕೋಲು ಅಳೆಯುವುದೇನನ್ನು?

ಸಮಾಜಶಾಸ್ತ್ರಜ್ಞರು ಈ ಪ್ರಶ್ನೆಯ ಬೆನ್ನು ಹತ್ತಿ ಬಹಳ ಕಾಲವಾಯಿತು. ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ ಎಂಬ ವಿದ್ವಾಂಸರು ಆರು ಲಕ್ಷಕ್ಕೂ ಮೇಲ್ಪಟ್ಟ ವಿದ್ಯಾರ್ಥಿಗಳ ವಿವರ ಕಲೆಹಾಕಿ 1966ರಲ್ಲಿ ವರದಿ ಕೊಟ್ಟರು. ಕಟ್ಟಡ, ಪುಸ್ತಕ, ಪ್ರಯೋಗಾಲಯಗಳಲ್ಲಿರುವ ವ್ಯತ್ಯಾಸಕ್ಕಿಂತ ಮಗು ಬಂದ ಮನೆಯ ಸ್ಥಿತಿಗತಿಯೇ ಅದರ ಕಲಿಕೆಯ ಮೇಲೆ ಹೆಚ್ಚು ಪರಿಣಾಮ ಮಾಡುತ್ತದೆ ಎಂದು ಅದರಲ್ಲಿ ಕಂಡುಬಂದಿತು. ಫ್ರಾನ್ಸಿನ ಪಿಯರ್ ಬೋರ್ದಿಯೂ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೊಲ, ಮನೆ, ನಗ ನಾಣ್ಯದ ಹಾಗೆ ಮಾತಿನ ರೀತಿ, ಪುಸ್ತಕದ ಬಳಕೆ, ದೊಡ್ಡವರ ಮುಂದೆ ಅಳುಕದೆ ನಿಲ್ಲುವ ಅಭ್ಯಾಸ ಇವೂ ಒಂದು ಬಗೆಯ ಆಸ್ತಿ. ಇದು ತಂದೆಯಿಂದ ಮಗನಿಗೆ ಸದ್ದಿಲ್ಲದೆ ಬರುತ್ತದೆ. ಶಾಲೆ ಈ ಪಿತ್ರಾರ್ಜಿತವನ್ನು ಸ್ವಂತ ಪ್ರತಿಭೆ ಎಂದು ತಿಳಿದು ಮಾರ್ಕು ಕೊಡುತ್ತದೆ ಎಂಬುದು ಅವರ ವಾದ. ಇದು ಪರದೇಶದ ಮಾತೆಂದು ತಳ್ಳಿಹಾಕಬೇಡಿ. ನಮ್ಮ ಮೈಸೂರು ಸಂಸ್ಥಾನದಲ್ಲೇ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಮಿಲ್ಲರ್ ಸಮಿತಿಯನ್ನು ನೇಮಿಸಿತು. ಸರ್ಕಾರಿ ನೌಕರಿಗಳಲ್ಲಿ ಒಂದು ವರ್ಗದವರೇ ಏಕೆ ತುಂಬಿದ್ದಾರೆ, ಉಳಿದವರು ಏಕೆ ಇಲ್ಲ ಎಂಬುದೇ ಆ ಸಮಿತಿಯ ಮುಂದಿದ್ದ ಪ್ರಶ್ನೆ. ಎಪ್ಪತ್ತರ ದಶಕದಲ್ಲಿ ಹಾವನೂರರ ಆಯೋಗ ಮತ್ತೆ ಅದನ್ನೇ ಕೈಗೆತ್ತಿಕೊಂಡಿತು.

ಇನ್ನು ನಮ್ಮ ಸೀಮೆಗೆ ಬರೋಣ. ರಾಜ್ಯದಲ್ಲಿ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಇವೆರಡೂ ಸೇರುತ್ತವೆ. ಚಳ್ಳಕೆರೆ ಪೇಟೆಗೆ ಎಣ್ಣೆಯ ಗಿರಣಿಗಳಿಂದ ಹೆಸರು. ಗಿರಣಿಗೆ ಬರುವ ಶೇಂಗಾ ಮಾತ್ರ ಮುಗಿಲ ಮುಖ ನೋಡಿ ಬೆಳೆಯತಕ್ಕದ್ದು. ಉಳಿದಂತೆ ಕುರಿ, ಕಂಬಳಿ. ಮೊಳಕಾಲ್ಮೂರಿನ ಕಡೆ ರೇಷ್ಮೆ ಸೀರೆಯ ಮಗ್ಗ. ಶಾಲೆಯ ಪಂಚಾಂಗ ಒಂದು, ಹೊಲದ ಪಂಚಾಂಗ ಇನ್ನೊಂದು. ಜೂನ್ ತಿಂಗಳಲ್ಲಿ ನಾವು ಹಾಜರಿ ಪುಸ್ತಕ ತೆರೆಯುವ ಹೊತ್ತಿಗೆ ಬಿತ್ತನೆಯ ಚಿಂತೆ. ದಸರಾ ರಜ ಮುಗಿಸಿ ಬಾಗಿಲು ತೆಗೆಯುವ ಹೊತ್ತಿಗೆ ಶೇಂಗಾ ಕೀಳುವ, ಬಿಡಿಸುವ ಕೆಲಸ. ಅದು ಮುಗಿದರೆ ಕುರಿಮಂದೆಯ ಹಿಂದೆ ದೂರ ಹೋಗುವವರು ಕೆಲವರು, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗಂಟು ಕಟ್ಟುವವರು ಹಲವರು. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ, ಇಲ್ಲವೆ ಜೊತೆಯಲ್ಲೇ ಹೊರಡುತ್ತಾರೆ. ನೇಕಾರರ ಮನೆಯಲ್ಲಿ ಮಗ್ಗದ ಪಕ್ಕಕ್ಕೆ ಇನ್ನೊಂದು ಜೊತೆ ಕೈ ಬೇಕಾದಾಗ ಮಗುವಿನ ಕೈಯೇ ಮೊದಲು ಸಿಕ್ಕುತ್ತದೆ. ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳು ಹೊರಗೆ ಕೂರುವ ಪದ್ಧತಿ ಇನ್ನೂ ಪೂರ್ತಿ ಅಳಿದಿಲ್ಲ. ತಿಂಗಳಲ್ಲಿ ಆ ಕೆಲವು ದಿನಗಳ ಪಾಠ ಅವರ ಪಾಲಿಗಿಲ್ಲ. ನಮ್ಮ ಹಾಜರಿ ಪುಸ್ತಕದಲ್ಲಿ ಇವೆಲ್ಲಕ್ಕೂ ಒಂದೇ ಗುರುತು: ‘ಗೈರು’.

ಆದರೆ ಇವು ಕಣ್ಣಿಗೆ ಕಾಣುವ ಕಾರಣಗಳು. ಕಾಣದ್ದೊಂದಿದೆ. ಅದರಲ್ಲಿ ನನ್ನ ಪಾಲೂ ಇರುವುದರಿಂದ ಹೇಳಿಬಿಡುತ್ತೇನೆ.

ಬಹಳ ವರ್ಷಗಳ ಹಿಂದೆ ಒಂಬತ್ತನೆಯ ತರಗತಿಗೆ ‘ಮಳೆಗಾಲದ ಒಂದು ದಿನ’ ಎಂಬ ಪ್ರಬಂಧ ಕೊಟ್ಟಿದ್ದೆ. ಹತ್ತು ಮಾರ್ಕಿನದು. ಪೇಟೆಯ ಹುಡುಗನೊಬ್ಬ ಕೊಡೆ, ಕಪ್ಪೆ, ತುಂಬಿ ಹರಿಯುವ ಹಳ್ಳ, ಹಸಿರು ಹೊದ್ದ ಬೆಟ್ಟ ಎಲ್ಲವನ್ನೂ ತಪ್ಪಿಲ್ಲದೆ ಬರೆದಿದ್ದ. ಚಳ್ಳಕೆರೆಯಲ್ಲಿ ಅಂಥ ಮಳೆಗಾಲವನ್ನು ಅವನೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಗೈಡಿನಲ್ಲಿತ್ತು. ಎಂಟು ಕೊಟ್ಟೆ. ಹಟ್ಟಿಯಿಂದ ಬರುತ್ತಿದ್ದ ಇನ್ನೊಬ್ಬ ಹುಡುಗ ಬರೆದದ್ದೇ ಬೇರೆ. ಅವರಪ್ಪ ಬಿತ್ತನೆಗೆಂದು ಶೇಂಗಾ ಸುಲಿದು ಇಟ್ಟಿದ್ದನಂತೆ. ಮೋಡ ದಿನವೂ ಬಂದು ರಾಯದುರ್ಗದ ಕಡೆ ಹೊರಟುಹೋಗುತ್ತಿತ್ತಂತೆ. ಕಡೆಗೊಂದು ದಿನ ಅವ್ವ ಆ ಬೀಜವನ್ನು ಹುರಿದು ಮಕ್ಕಳಿಗೆ ಕೊಟ್ಟಳಂತೆ, ಅಪ್ಪ ತಿನ್ನಲಿಲ್ಲವಂತೆ. ನಾನು ಕೆಂಪು ಶಾಯಿಯಲ್ಲಿ ‘ಒಲ’ವನ್ನು ‘ಹೊಲ’ ಮಾಡಿದೆ, ‘ಬೂಮಿ’ಯನ್ನು ‘ಭೂಮಿ’ ಮಾಡಿದೆ, ‘ಐತೆ’ಯನ್ನು ‘ಇದೆ’ ಮಾಡಿದೆ, ‘ಶೇಂಗಾ’ ಹೊಡೆದು ‘ಕಡಲೆಕಾಯಿ’ ಎಂದು ಬರೆದೆ. ಕೆಳಗೆ, ‘ವಿಷಯ ಬಿಟ್ಟು ಬರೆದಿದೆ’ ಎಂದು ಷರಾ ಹಾಕಿ ಮೂರು ಕೊಟ್ಟೆ. ಪುಟದ ತುಂಬ ಕೆಂಪು. ಆ ವರ್ಷ ಮುಗಿಯುವ ಮೊದಲೇ ಹುಡುಗ ಬರುವುದನ್ನು ನಿಲ್ಲಿಸಿದ. ಅದಕ್ಕೆ ನನ್ನ ಮೂರು ಮಾರ್ಕೇ ಕಾರಣವೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ.

ಲಂಡನ್ನಿನ ಬೇಸಿಲ್ ಬರ್ನ್‌ಸ್ಟೈನ್ ಎಂಬವರು ಮಕ್ಕಳ ಮಾತನ್ನು ಎರಡು ಬಗೆಯಾಗಿ ವಿಂಗಡಿಸಿದರು. ಎದುರಿಗಿರುವವನಿಗೆ ಸಂಗತಿ ಗೊತ್ತೇ ಇದೆಯೆಂದು ನಂಬಿ ಆಡುವ, ಮನೆಯವರೊಳಗಿನ ಚುಟುಕು ಮಾತು ಒಂದು. ಏನೂ ತಿಳಿಯದ ಅಪರಿಚಿತನಿಗೂ ಅರ್ಥವಾಗುವಂತೆ ಬಿಡಿಸಿ ಹೇಳುವ ಮಾತು ಇನ್ನೊಂದು. ಶಾಲೆ ನಡೆಯುವುದು ಎರಡನೆಯದರಲ್ಲಿ. ಕೂಲಿಕಾರರ ಮಕ್ಕಳು ಸಾಮಾನ್ಯವಾಗಿ ಮೊದಲನೆಯದರಲ್ಲಿ ಬೆಳೆದು ಬರುತ್ತಾರೆ ಎಂದು ಅವರು ಹೇಳಿದರು. ಕೆಲವರು ಇದನ್ನೇ ಹಿಡಿದು, ಬಡವರ ಮಾತೇ ದರಿದ್ರ ಎಂದು ಸಾರತೊಡಗಿದರು. ನ್ಯೂಯಾರ್ಕಿನ ಕರಿಯ ಜನರ ಬೀದಿಗಳಲ್ಲಿ ಹುಡುಗರೊಡನೆ ಕೂತು ಮಾತಾಡಿದ ವಿಲಿಯಂ ಲಬೋವ್ ಎಂಬ ಭಾಷಾವಿಜ್ಞಾನಿ 1969ರಲ್ಲಿ ಅದನ್ನು ಖಂಡಿಸಿದರು. ಪರೀಕ್ಷಕನ ಮುಂದೆ ಬಾಯಿ ಬಿಡದ ಹುಡುಗ ತನ್ನ ಗೆಳೆಯರ ನಡುವೆ ತರ್ಕಬದ್ಧವಾಗಿ ವಾದ ಹೂಡುತ್ತಾನೆ, ಕೊರತೆ ಇರುವುದು ಕೇಳುವ ಕಿವಿಯಲ್ಲಿ ಎಂದು ತೋರಿಸಿಕೊಟ್ಟರು. ನನ್ನ ಅನುಭವಕ್ಕೆ ಲಬೋವರ ಮಾತೇ ಹತ್ತಿರ. ನಮ್ಮಲ್ಲಿ ಇದರ ಮೇಲೆ ಇನ್ನೊಂದು ತೊಡಕು ಉಂಟು. ಆಂಧ್ರದ ಗಡಿಯಾದ್ದರಿಂದ ಮನೆಯಲ್ಲಿ ತೆಲುಗು ಆಡುವ ಕುಟುಂಬಗಳು ಬಹಳ. ಆ ಮಗುವಿಗೆ ಬೀದಿಯ ಕನ್ನಡ ಎರಡನೆಯ ಭಾಷೆ, ಪುಸ್ತಕದ ಕನ್ನಡ ಮೂರನೆಯದು, ಇಂಗ್ಲಿಷು ನಾಲ್ಕನೆಯದು. ನಾವು ಅದನ್ನು ‘ಮಾತೃಭಾಷಾ ಮಾಧ್ಯಮ’ ಎಂದು ಕರೆಯುತ್ತೇವೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಬಿ.ಎಲ್. ರೈಸ್ ಅವರು ಅಶೋಕನ ಶಾಸನಗಳನ್ನು ಪತ್ತೆಮಾಡಿದ್ದು ನಿಮಗೆ ತಿಳಿದೇ ಇದೆ. ತಂದೆ ತಾಯಿಗಳ ಮಾತು ಕೇಳಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂದು ಅಲ್ಲಿ ಬರೆದಿದೆ. ಈ ಸೀಮೆಯ ಮೊದಲ ಪಾಠವೆಂದು ಅದನ್ನು ಮಕ್ಕಳಿಗೆ ತೋರಿಸುತ್ತೇವೆ. ಅದು ಪ್ರಾಕೃತ. ಬರೆದ ಲಿಪಿಕಾರ ಚಪಡನಂತೂ ಕೊನೆಯಲ್ಲಿ ತನ್ನ ಕಸಬಿನ ಹೆಸರನ್ನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಕೆತ್ತಿ ಹೋಗಿದ್ದಾನೆ. ಆ ಬಂಡೆಯ ಬುಡದಲ್ಲಿ ದನ ಕಾಯುತ್ತಿದ್ದವನಿಗೆ ಅದರಲ್ಲಿ ಎಷ್ಟು ತಿಳಿದಿರಬಹುದು? ನಮ್ಮ ಮೊದಲ ಪಠ್ಯಪುಸ್ತಕವೂ ಬೇರೆಯವರ ಮಾತಿನಲ್ಲೇ ಇತ್ತು ಎಂದು ನಾನು ಒಮ್ಮೊಮ್ಮೆ ನಗುವುದುಂಟು.

ಇದೇ ಚಳ್ಳಕೆರೆ ತಾಲ್ಲೂಕಿನ ತಳುಕಿನವರು ಟಿ.ಎಸ್. ವೆಂಕಣ್ಣಯ್ಯನವರು. ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಕುವೆಂಪು ತಮ್ಮ ‘ಶ್ರೀರಾಮಾಯಣ ದರ್ಶನಂ’ ಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ. ಇದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯವರು ಸಿರಿಯಜ್ಜಿ. ಅಕ್ಷರ ತಿಳಿಯದು, ನಾಲಗೆಯ ಮೇಲೆ ಸಾವಿರಾರು ಹಾಡು. ಜಾನಪದ ವಿದ್ವಾಂಸರು ಆಕೆಯ ಬಳಿಗೆ ಹೋಗಿ ಕೂತು ಬರೆದುಕೊಂಡು ಪುಸ್ತಕಗಳನ್ನು ಅಚ್ಚುಮಾಡಿದರು. ಆಕೆ ಬಾಲ್ಯದಲ್ಲಿ ನನ್ನಂಥವನ ತರಗತಿಯಲ್ಲಿ ಕೂತಿದ್ದರೆ ನಾನು ಎಷ್ಟು ಮಾರ್ಕು ಕೊಡುತ್ತಿದ್ದೆ? ಇನ್ನೂ ಒಂದು ಮಾತು. ಬೆಳಗೆರೆಯ ಕೃಷ್ಣಶಾಸ್ತ್ರಿಗಳು ಸ್ವತಃ ಉಪಾಧ್ಯಾಯರು, ನಮ್ಮ ತಾಲ್ಲೂಕಿನವರೇ. ಮುಕುಂದೂರು ಸ್ವಾಮಿಗಳನ್ನು ಕುರಿತು ಅವರು ಬರೆದ ಪುಸ್ತಕದ ಹೆಸರು ‘ಯೇಗ್ದಾಗೆಲ್ಲಾ ಐತೆ’. ನನ್ನ ಕೆಂಪು ಶಾಯಿಗೆ ಆ ಹೆಸರಿನಲ್ಲೇ ಎರಡು ಮೂರು ತಪ್ಪು ಸಿಕ್ಕುತ್ತಿದ್ದವು. ನಾಡಿನ ಓದುಗರು ಅದನ್ನು ತಲೆಯ ಮೇಲಿಟ್ಟುಕೊಂಡು ಮತ್ತೆ ಮತ್ತೆ ಅಚ್ಚುಹಾಕಿಸಿದರು.

ಹಾಗೆಂದು ಶುದ್ಧ ಬರಹ ಬೇಡವೆಂದು ಯಾರೂ ತಿಳಿಯಬಾರದು. ಕೇಶಿರಾಜನ ಸೂತ್ರಗಳನ್ನು ಉರುಹೊಡೆದು ಅದರಿಂದ ಅನ್ನ ಉಂಡವನು ನಾನು. ಅರ್ಜಿ ಬರೆಯುವುದಕ್ಕೆ, ಕಚೇರಿಯಲ್ಲಿ ವಾದಿಸುವುದಕ್ಕೆ ಹಟ್ಟಿಯ ಹುಡುಗನಿಗೇ ಅದು ಎಲ್ಲರಿಗಿಂತ ಹೆಚ್ಚು ಬೇಕು. ಅವನ ಮನೆಯ ಮಾತಿನ ಪಕ್ಕದಲ್ಲಿ ಅದನ್ನು ಕೂರಿಸಬೇಕಾಗಿತ್ತು. ನಾನು ಅವನ ಮಾತನ್ನು ಎಬ್ಬಿಸಿ ಆ ಜಾಗದಲ್ಲಿ ಅದನ್ನು ಕೂರಿಸಿದೆ. ಬಿಸಿಯೂಟ ಬಂದಿತು, ಹಾಸ್ಟೆಲುಗಳು ಬಂದವು, 2006–07ರಿಂದ ಹಲವು ವರ್ಷ ನಡೆದ ಸೈಕಲ್ ಯೋಜನೆ ಎಷ್ಟೋ ಹುಡುಗಿಯರನ್ನು ಪ್ರೌಢಶಾಲೆಯ ಬಾಗಿಲಿಗೆ ತಂದಿತು. ಇವೆಲ್ಲ ಮಗುವನ್ನು ಶಾಲೆಯ ಒಳಗೆ ತಂದು ಬಿಡುತ್ತವೆ. ಒಳಗೆ ಬಂದ ಮೇಲೆ ಅದರ ಬಾಯಿ ಕಟ್ಟದೆ ಇರುವ ಕೆಲಸ ಮಾತ್ರ ಉಪಾಧ್ಯಾಯನದು. ಈಗ ನಾನು ಪ್ರಬಂಧಕ್ಕೆ ಎರಡು ಸಲ ಮಾರ್ಕು ಹಾಕುತ್ತೇನೆ: ಹೇಳಿದ ಸಂಗತಿಗೆ ಒಮ್ಮೆ, ಬರೆದ ರೀತಿಗೆ ಇನ್ನೊಮ್ಮೆ. ಕೆಂಪು ಶಾಯಿ ಬಿಟ್ಟು ಸೀಸದಕಡ್ಡಿ ಹಿಡಿದಿದ್ದೇನೆ. ಸಹೋದ್ಯೋಗಿಗಳು ನಗುತ್ತಾರೆ, ನಗಲಿ.

ಆ ಹುಡುಗ ಈಚೆಗೆ ಕುರಿಸಂತೆಯಲ್ಲಿ ಸಿಕ್ಕಿದ್ದ. ಹುಡುಗನೇನು, ಎರಡು ಮಕ್ಕಳ ತಂದೆ. ಮೂವತ್ತೇಳು ಮರಿಗಳ ವ್ಯಾಪಾರ. ಜೋಡಿಗೆ ಇಷ್ಟು, ಕುಂಟು ಮರಿಗೆ ಇಷ್ಟು ಕಡಮೆ, ದಲ್ಲಾಳಿಗೆ ಇಷ್ಟು ಎಂದು ನಾನು ಕಾಗದ ಹುಡುಕುವುದರೊಳಗೆ ಲೆಕ್ಕ ಮುಗಿಸಿ ನೋಟು ಎಣಿಸಿ ಆಗಿತ್ತು. ನನ್ನನ್ನು ಗುರುತು ಹಿಡಿದು ಹೋಟೆಲಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದ. ಮಗಳನ್ನು ಹಾಸ್ಟೆಲಿಗೆ ಸೇರಿಸುವ ಅರ್ಜಿಯೊಂದು ಅವನ ಜೇಬಿನಲ್ಲಿತ್ತು. ತೆಗೆದು ಮೇಜಿನ ಮೇಲಿಟ್ಟು ನನ್ನ ಕಡೆಗೆ ಸರಿಸಿದ. ‘ಇದರಲ್ಲೇನಿದೆ, ನೀನೇ ತುಂಬಬಹುದಲ್ಲಪ್ಪ’ ಎಂದೆ.

‘ಬ್ಯಾಡ ಸಾ, ನೀವೇ ಬರೀರಿ. ನಾ ಬರುದ್ರೆ ತೆಪ್ಪಾಗ್ತೈತೆ’ ಎಂದ.